ಕಡೀತನಕ ನೋಡೇವಿ

ರಾಣೆಬೆನ್ನೂರು
೨ ಫೆಬ್ರುವರಿ ೨೦೦೬

ಡಿಯರೆಸ್ಟ್ ಸಾನಿಯಾ,

ಈ ಪತ್ರದ ಜೊತೆ ಒಂದು ಗುಲಾಬಿ ಡಬ್ಬಿ ಬಂದಿದೆಯಲ್ಲ, ಅದನ್ನು ಈಗಲೇ ತೆರೆಯಬೇಡ. ಮೊದಲು ನಾನು ಬರೆದದ್ದನ್ನೆಲ್ಲ ಓದು, ಆಮೇಲೆ ತೆರೆ. ನನ್ನಾಣೆ.

ಒಂಬತ್ತು ವರ್ಷ ಬ್ಯಾಡಗಿಯಿಂದ ಹಾವೇರಿಯ ಶಾಲೆಗೆ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಹೋಗಿಬಂದವರು ನಾವು. ಈಗ ನೀನು ಹಾವೇರಿಯ ಸೊಸೆ, ನಾನು ರಾಣೆಬೆನ್ನೂರಿನ ಸೊಸೆ, ನಡುವೆ ಬ್ಯಾಡಗಿ ಖಾಲಿ. ಫೋನು ಮಾಡಿದರೆ ನಿಮ್ಮತ್ತೆ ಸಕೀನಾಬಿಯವರೇ ಎತ್ತುತ್ತಾರೆ; ನಾನು ಹೋಮ್‌ವರ್ಕ್ ಮಾಡದವಳ ಹಾಗೆ ತೊದಲುತ್ತೇನೆ. ಅದಕ್ಕೇ ಪತ್ರ. ಇಂಗ್ಲಿಷಿನಲ್ಲಿ ಬರೆಯೋಣವೆಂದರೆ, ಅಷ್ಟು ವರ್ಷ ಕಲಿತೂ ನಮ್ಮಿಬ್ಬರಿಗೆ ಅದರಲ್ಲಿ ಸಲೀಸಾಗಿ ಬರುವುದು ರಜೆ ಚೀಟಿ ಒಂದೇ.

ಡಬ್ಬಿಯಲ್ಲಿ ನಿನ್ನ ಮದುವೆಯಿದೆ. ಎರಡು ಗಂಟೆ ನಾಲ್ಕು ನಿಮಿಷದ ಸಿನಿಮಾ; ಆರು ಪ್ರತಿ ಮಾಡಿ, ಒಂದನ್ನು ನನಗೆ ಇಟ್ಟುಕೊಂಡು ಐದು ಕಳಿಸಿದ್ದೇನೆ. ಶೂಟಿಂಗ್ ಇವರದು, ಎಡಿಟಿಂಗ್ ಪೂರ್ತಿ ನನ್ನದು. ನನ್ನ ಮದುವೆಯಾಗಿ ಇನ್ನೂ ಎರಡು ತಿಂಗಳು, ಅಷ್ಟರಲ್ಲಿ ಸ್ಟೇಷನ್ ರೋಡಿನ ಸ್ಟುಡಿಯೋದಲ್ಲಿ ನಾನೂ ಒಂದು ಕುರ್ಚಿ ಹಿಡಿದಿದ್ದೇನೆ. ಮೌಸು ಹಿಡಿದು ಒಬ್ಬಳೇ ನಗುತ್ತ ಕೂತಿರುತ್ತೇನಂತೆ. ನಮ್ಮತ್ತೆ ರೇಣುಕವ್ವ ನೆರೆಯವರ ಮುಂದೆ, 'ನಮ್ಮ ಸೊಸಿಗೆ ಹಗಲೆಲ್ಲಾ ಹಬ್ಬ' ಅನ್ನುತ್ತಾರೆ. ಹೊಗಳಿಕೆಯೋ ಅಲ್ಲವೋ ಕೇಳಿಲ್ಲ.

ಇವರ ಬಗ್ಗೆ ಎರಡು ಮಾತು ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಕಿರಣಕುಮಾರ ಎಂಬ ಹೆಸರಿನ ಈ ಮನುಷ್ಯ ಒಂದು ಆಮೆ. ಒಂದು ಡಿಸ್ಕು ಬರೆಯಲು ಕಾಲು ಗಂಟೆ. ಕಂಪ್ಯೂಟರಿನಲ್ಲಿ ಹದಿನಾರರ ಸ್ಪೀಡ್ ಇದೆ, ಇವರು ಮಾತ್ರ ನಾಲ್ಕಕ್ಕೇ ಇಟ್ಟು ಗಲ್ಲಕ್ಕೆ ಕೈ ಹಚ್ಚಿ ಕೂಡುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಮೂಲೆಯಲ್ಲಿ ಒಂದು ಹಳೆಯ ಧೂಳುಹಿಡಿದ ಪ್ಲೇಯರ್ ಇದೆ, ಅದಕ್ಕೆ 'ಮುದುಕ' ಎಂದು ಹೆಸರು. ಪ್ರತಿ ಡಿಸ್ಕನ್ನೂ ಮುದುಕನ ಬಾಯಿಗೆ ಹಾಕಿ ಮೊದಲಿನಿಂದ ಕೊನೆಯವರೆಗೆ ನೋಡಬೇಕಂತೆ. ಮತ್ತೂ ಒಂದು ಶಾಸ್ತ್ರ: ಕ್ಯಾಮೆರಾದ ಟೇಪಿಗೆ ಗಿರಾಕಿಯ ಹೆಸರಿನ ಚೀಟಿ ಇಟ್ಟು ದಾರ ಕಟ್ಟುತ್ತಾರೆ. ಗಿರಾಕಿ ಬಂದು 'ಕಡೀತನಕ ನೋಡೇವಿ' ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ದಾರ ಕತ್ತರಿಸಿ ಆ ಟೇಪನ್ನು ಬೇರೆ ಮದುವೆಗೆ ಒಯ್ಯುವುದು.

ಮೊನ್ನೆಯಿಂದ ಇವರು ಕುಪ್ಪೇಲೂರಿನ ಮದುವೆಯಲ್ಲಿದ್ದಾರೆ. ಇವತ್ತು ನಿಮ್ಮ ಮೈದುನ ಬಾಬಾಜಾನ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿ, 'ಭಾಬಿ ಡಿಸ್ಕ್ ಕೇಳ್ಯಾರ್ರಿ, ಲಗೂ ಕೊಡ್ರಿ, ಲೋಡ್ ಐತಿ' ಎಂದ. ನಾಲ್ಕರ ಸ್ಪೀಡಿಗೆ ಆರು ಡಿಸ್ಕು ಅಂದರೆ ಒಂದೂವರೆ ಗಂಟೆ. ಅವನು ನಿಲ್ಲುತ್ತಾನೆಯೇ? ನಾನು ಹದಿನಾರು ಒತ್ತಿದೆ. ನಲವತ್ತು ನಿಮಿಷದಲ್ಲಿ ಆರೂ ಕೈಯಲ್ಲಿದ್ದವು. ಕಂಪ್ಯೂಟರಿನಲ್ಲಿ ಒಂದನ್ನು ಐದು ನಿಮಿಷ ನೋಡಿದೆ, ತೊಳೆದ ಕನ್ನಡಿಯ ಹಾಗಿದೆ. ಇವರು ಬಂದ ಮೇಲೆ ಹೇಳಿ ಹೊಟ್ಟೆ ಉರಿಸುತ್ತೇನೆ.

ಬೀಳ್ಕೊಡುವ ಭಾಗಕ್ಕೆ ಬ್ಯಾಂಡಿನ ಗಲಾಟೆಯನ್ನು ತೆಗೆದುಹಾಕಿ ಒಂದು ಹಾಡು ಕೂಡಿಸಿದ್ದೇನೆ. ಯಾವುದೆಂದು ಹೇಳುವುದಿಲ್ಲ. ನೋಡಿ ಅಳು.

ಆ ಭಾಗದಲ್ಲಿ ನಿನ್ನ ಅಬ್ಬಾ ಕಾರಿನ ಕಿಟಕಿಗೆ ಬಗ್ಗಿ ಏನೋ ಹೇಳಿದ್ದಾರಲ್ಲ! ಸೋದರತ್ತೆಯ ಮಗನನ್ನು ನೀನು ಒಲ್ಲೆ ಎಂದ ದಿನದಿಂದ ಏಳು ತಿಂಗಳು ನಿನ್ನೊಡನೆ ಮಾತು ಬಿಟ್ಟಿದ್ದ ಚಾಚಾ, ಕೊನೆಗೆ ಬಗ್ಗಿದರು. ಏನು ಹೇಳಿದರು? ಎಲ್ಲ ಬರೆ.

ನಿನ್ನ, ನಿನ್ನ, ನಿನ್ನ
ಮೇಘಾ


ಹಾವೇರಿ
೯ ಫೆಬ್ರುವರಿ ೨೦೦೬

ಪ್ರಿಯ ಮೇಘಾ,

ಡಬ್ಬಿ ಬಂತು. ಬಾಬಾಜಾನ ಮೆಣಸಿನಕಾಯಿ ಚೀಲಗಳ ಮೇಲಿಟ್ಟು ತಂದಿದ್ದ, ಆದರೂ ಏನೂ ಆಗಿಲ್ಲ. ಎಲ್ಲರೂ ಕೊನೆಯ ತನಕ ನೋಡಿದೆವು. ಬಹಳ ಚೆನ್ನಾಗಿ ಬಂದಿದೆ. ನಮ್ಮತ್ತೆಗೂ ಸೇರಿತು. ನೀನು ಆರಿಸಿದ ಹಾಡೂ ಚೆನ್ನಾಗಿದೆ. ನಿನ್ನ ಯಜಮಾನರಿಗೆ ನಮ್ಮೆಲ್ಲರ ಸಲಾಮು ತಿಳಿಸು.

ಅಬ್ಬಾ ಏನು ಹೇಳಿದರು ಎಂದು ಕೇಳಿದ್ದೀ. ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಇವರು, ಕೈಸರ, ಒಳ್ಳೆಯವರು. ಬೆಳಿಗ್ಗೆ ಶಾಲೆಗೆ ಕಲಿಸಲು ಹೋದರೆ ಸಂಜೆ ಬರುತ್ತಾರೆ. ಅಡುಗೆ ಇಲ್ಲಿ ನಮ್ಮ ಮನೆಯಷ್ಟೇ ಖಾರ, ಅದೊಂದು ಸಮಾಧಾನ.

ನಿನ್ನ
ಸಾನಿಯಾ


ರಾಣೆಬೆನ್ನೂರು
೨೦ ಫೆಬ್ರುವರಿ ೨೦೦೬

ಡಿಯರೆಸ್ಟ್ ಸಾನಿಯಾ,

ಎಷ್ಟು ಚಿಕ್ಕ ಪತ್ರ ಬರೆದೆಯೇ ತಾಯಿ. ಆದರೂ ನಾನು ಅದನ್ನು ಹನ್ನೊಂದು ಸಲ ಓದಿದೆ.

ಹದಿನಾರರ ಸ್ಪೀಡಿನ ಕಥೆ ಕೇಳಿ ಇವರು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ನಮ್ಮ ಮೊದಲ ಜಗಳ ಅದೇ; ಅದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. 'ಮುದುಕಗ ತೋರಿಸಿದೇನು?' ಎಂದು ಒಂದೇ ಪ್ರಶ್ನೆ. ಇಲ್ಲ ಎಂದೆ. ಐದೂ ಡಿಸ್ಕು ತಿರುಗಿ ತರಿಸುತ್ತೇನೆ ಎಂದು ಹೊರಟವರು ಇವರು. ಅಷ್ಟರಲ್ಲಿ ನಿನ್ನ ಪತ್ರ ಬಂತು. ಧ್ವಜ ಹಿಡಿದವಳ ಹಾಗೆ ಅದನ್ನು ಎತ್ತಿಹಿಡಿದು ಸ್ಟುಡಿಯೋಕ್ಕೆ ಹೋಗಿ, 'ಎಲ್ಲರೂ ಕೊನೆಯ ತನಕ ನೋಡಿದೆವು' ಎಂಬ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಇವರು ತಾವೂ ಒಮ್ಮೆ ಓದಿದರು. ಆಮೇಲೆ ಕತ್ತರಿ ನನ್ನ ಕೈಗೆ ಕೊಟ್ಟು, 'ನೀನs ಕತ್ತರಸು' ಅಂದರು.

ಸಾನಿಯಾ, ನಿನ್ನ ಹೆಸರಿನ ದಾರವನ್ನು ನಾನೇ ಕತ್ತರಿಸಿದೆ. ಹಾರ್ಡ್ ಡಿಸ್ಕಿನಲ್ಲಿ ಜಾಗ ಸಾಲುತ್ತಿರಲಿಲ್ಲ, ಅದರಲ್ಲಿದ್ದ ನಿನ್ನ ಫೈಲುಗಳನ್ನೂ ಅಳಿಸಿದೆ. ನಿನ್ನೆ ಆ ಟೇಪುಗಳು ಮೇಡ್ಲೇರಿಯ ಮದುವೆಗೆ ಹೋದವು. ಹೊಳೆಯ ದಂಡೆಯ ಊರು, ಹಸಿರು ಗದ್ದೆಯ ನಡುವೆ ಪೆಂಡಾಲು. ನಾನೂ ಹೋಗಿದ್ದೆ, ಲೈಟು ಹಿಡಿದು ನಿಂತೆ. ಮದುಮಗಳ ಅಜ್ಜಿ, 'ಲೈಟ್ ಹಿಡಿಯಾಕಿನs ಮದುಮಗಳಕ್ಕಿಂತ ಛಂದ ಅದಾಳಲ್ಲs' ಅಂದಳು. ಇವರು ಕ್ಯಾಮೆರಾದ ಹಿಂದೆ ನಕ್ಕರು. ಜಗಳ ಮುಗಿಯಿತು.

ನೀನು ತವರಿಗೆ ಯಾವಾಗ ಬರುತ್ತೀ? ಚಾಚಾನ ಚೀಲದ ಅಂಗಡಿಯ ಮುಂದೆ ಗೋಣಿಯ ರಾಶಿಯ ಮೇಲೆ ಕೂತು ಹರಟೆ ಹೊಡೆಯೋಣ. ಬಾಯಲ್ಲಿ ಸುತಳಿ ಕಚ್ಚಿಕೊಂಡೇ ಅವರು ನಮ್ಮನ್ನು ಬೈಯಲಿ, ಮೊದಲಿನ ಹಾಗೆ.

ಅಪ್ಪುಗೆಗಳೊಂದಿಗೆ
ಮೇಘಾ


ರಾಣೆಬೆನ್ನೂರು
೩ ಮಾರ್ಚ್ ೨೦೦೬

ಸಾನಿಯಾ,

ಚಾಚಾ ಹೋದದ್ದು ಇಪ್ಪತ್ತೊಂದನೆಯ ತಾರೀಖು ಮಧ್ಯಾಹ್ನ. ನಾನು ಹಿಂದಿನ ಪತ್ರವನ್ನು ಪೋಸ್ಟಿಗೆ ಹಾಕಿದ ಮರುದಿನ. ನಮ್ಮಪ್ಪ ಫೋನು ಮಾಡಿ ತಿಳಿಸಿದರು. ಅಂಗಡಿಯಲ್ಲಿ ಚೀಲ ಹೊಲಿಯುತ್ತ ಕೂತಲ್ಲೇ ಎದೆ ಹಿಡಿದುಕೊಂಡರಂತೆ, ದಬ್ಬಣ ಕೈಯಲ್ಲೇ ಇತ್ತಂತೆ.

ನಾವು ಬ್ಯಾಡಗಿಗೆ ಬಂದಾಗ ನೀನು ಒಳಗೆ ಹೆಂಗಸರ ನಡುವೆ ಕೂತಿದ್ದೆ. ನಿನ್ನ ಕೈ ಹಿಡಿದೆ. ನೀನು ಹಿಡಿಯಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ. ನಿನ್ನ ಸೋದರಮಾವ ಇಸಾಕಸಾಬರು ಇವರಿಗೆ ಹೊರಗೆ ಕುರ್ಚಿ ಹಾಕಿ, 'ಮಗಳ ಲಗ್ನ ಮುಗಿಸಿ ಐದು ವಾರ ಇದ್ದ ನೋಡ್ರಿ, ಮುಗೀತು' ಅಂದರಂತೆ.

ಡಿಸ್ಕಿನಲ್ಲಿ ಅವರಿದ್ದಾರೆ. ಬೇಕೆನ್ನಿಸಿದಾಗ ನೋಡು. ನನ್ನ ಕೈಯಿಂದ ಅಷ್ಟಾದರೂ ಆಯಿತಲ್ಲ ಎಂದುಕೊಳ್ಳುತ್ತಿದ್ದೇನೆ.

ನಿನ್ನ
ಮೇಘಾ


ಹಾವೇರಿ
೫ ಏಪ್ರಿಲ್ ೨೦೦೬

ಮೇಘಾ,

ಮೊನ್ನೆ ನಲವತ್ತನೆಯ ದಿನ ಮುಗಿಯಿತು. ನಿನ್ನೆ ಇವರು ಶಾಲೆಗೆ ಹೋದ ಮೇಲೆ, ಅತ್ತೆ ಸಂತೆಗೆ ಹೋದ ಮೇಲೆ, ಒಬ್ಬಳೇ ಡಿಸ್ಕು ಹಾಕಿ ಕೂತೆ. ಮೊದಲ ಸಲ ಹಾಕಿದ್ದು ನಿನ್ನೆ.

ಹೌದು. ಫೆಬ್ರುವರಿಯಲ್ಲಿ ನಿನಗೆ ಬರೆದದ್ದು ಸುಳ್ಳು. ಆಗ ಮೊಹರಮ್ಮಿನ ಹತ್ತು ದಿನ ನಮ್ಮತ್ತೆ ಟಿವಿಗೆ ಬಟ್ಟೆ ಮುಚ್ಚಿದ್ದರು. ಗೆಳತಿ ಉಡುಗೊರೆ ಕಳಿಸಿದಾಗ 'ಇನ್ನೂ ನೋಡಿಲ್ಲ' ಎಂದು ಹೇಗೆ ಬರೆಯಲಿ? ಚೆನ್ನಾಗಿದೆ ಎಂದು ಬರೆದೆ. ಬಟ್ಟೆ ತೆಗೆದ ಮೇಲೆ ಮನೆಯವರು ಹಾಕಿ ನೋಡಿದರು. ತಮ್ಮ ತಮ್ಮ ಮುಖ ಬರುವವರೆಗೆ ನೋಡಿ, ಊಟದ ಪಂಕ್ತಿ ಮುಗಿದೊಡನೆ ಎದ್ದರು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಯಾಕೆಂದು ಈಗ ಬರೆಯುತ್ತೇನೆ. ಅಬ್ಬಾ ಕಿಟಕಿಯಲ್ಲಿ ಬಗ್ಗಿ ಏನು ಹೇಳಿದರು ಎಂಬುದು ನನಗೆ ಕೇಳಲಿಲ್ಲ. ಬ್ಯಾಂಡು ಬಡಿಯುತ್ತಿತ್ತು, ನಾನು ಅಳುತ್ತಿದ್ದೆ, ಸೆರಗು ಮುಖದ ಮೇಲಿತ್ತು. ತಂಗಿಗೆ ಕೊಟ್ಟ ಮಾತನ್ನು ಮಗಳು ಮುರಿದಳು ಎಂದು ಏಳು ತಿಂಗಳು ನನ್ನ ಕಡೆ ನೋಡದ ಮನುಷ್ಯ. ಹೇಳಿದ್ದು ಬೈಗುಳವಾಗಿದ್ದರೆ? ಡಿಸ್ಕು ನೋಡಿದರೆ ಅದು ಖಾತ್ರಿಯಾಗಿಬಿಡುತ್ತದೆ. ಇನ್ನೊಂದು ವಾರ ಹೋಗಲಿ, ಇನ್ನೊಂದು ವಾರ ಹೋಗಲಿ ಎಂದು ಬಿಟ್ಟೆ. ಅಬ್ಬಾ ಇದ್ದರಲ್ಲ, ಅವರನ್ನೇ ಕೇಳಬಹುದು ಎಂಬ ಧೈರ್ಯವೂ ಇತ್ತು.

ನಿನ್ನೆ ನೋಡಿದೆ. ನಿಕಾಹ್, ಊಟ, ಫೋಟೋ ಎಲ್ಲ ಸರಿಯಾಗಿ ಓಡಿತು. ನಾನು ಕಾರು ಹತ್ತಿದೆ. ಅಬ್ಬಾ ಗುಂಪಿನಿಂದ ಮುಂದೆ ಬಂದರು. ಬಗ್ಗಿದರು. ಅಲ್ಲಿಗೆ ಚಿತ್ರ ನಿಂತಿತು. ಅವರ ಮುಖ ಚೌಕ ಚೌಕವಾಗಿ ಒಡೆಯಿತು, ಬಾಯಿ ಅರ್ಧ ತೆರೆದಿತ್ತು, ಪ್ಲೇಯರ್ ಕರ್ ಕರ್ ಎಂದಿತು, ಆಮೇಲೆ ನೀಲಿ ಪರದೆ. ಆರು ಸಲ ಹಾಕಿದೆ. ಎರಡನೆಯ ಪ್ರತಿ ಹಾಕಿದೆ. ಪಕ್ಕದ ಮನೆಯ ಪ್ಲೇಯರಿನಲ್ಲಿ ಹಾಕಿದೆ. ಅಲ್ಲಿಯೇ ನಿಲ್ಲುತ್ತದೆ.

ನಿನ್ನ ಹತ್ತಿರ ಟೇಪು ಇರುತ್ತದೆ, ಕೇಳೋಣ ಎಂದುಕೊಂಡೆ. ಅಬ್ಬಾ ಹೋದ ಮರುದಿನ ನಿನ್ನದೊಂದು ಪತ್ರ ಬಂದಿತ್ತು, ಒಡೆದಿರಲಿಲ್ಲ. ನಿನ್ನೆ ಸಂಜೆ ಒಡೆದೆ. ದಾರ ಕತ್ತರಿಸಿದ ಪತ್ರ.

ಇನ್ನೇನು ಬರೆಯಲಿ.

ಸಾನಿಯಾ


ರಾಣೆಬೆನ್ನೂರು
೯ ಏಪ್ರಿಲ್ ೨೦೦೬

ಸಾನಿಯಾ,

ನಿನ್ನ ಪತ್ರವನ್ನು ಇವರಿಗೆ ಓದಿ ಹೇಳಲು ನನ್ನಿಂದಾಗಲಿಲ್ಲ. ಕೈಗೆ ಕೊಟ್ಟೆ. ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ನನ್ನ ಹತ್ತಿರ ಉಳಿದಿದ್ದ ಆರನೆಯ ಪ್ರತಿಯನ್ನು ಮುದುಕನಿಗೆ ಹಾಕಿ ನನ್ನನ್ನು ಎದುರಿಗೆ ಕೂಡಿಸಿದರು. ಎರಡು ಗಂಟೆ ಇಬ್ಬರೂ ನೋಡಿದೆವು. ಚಾಚಾ ಬಗ್ಗಿದಾಗ ಮುದುಕ ನಿಂತ.

ಆಮೇಲೆ ತಿಳಿಸಿ ಹೇಳಿದರು. ಡಿಸ್ಕು ಬರೆಯುವ ಬೆಳಕು ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿಗೆ ಹೋಗುತ್ತದೆ. ಹದಿನಾರು ಎಂದು ಕೊಟ್ಟರೆ ಒಳಗೆ ನಿಧಾನವಾಗಿಯೇ ಇದ್ದು, ಅಂಚಿಗೆ ಹೋದಂತೆ ಓಟ ಹೆಚ್ಚಾಗಿ, ಕೊನೆಯಂಚಿನಲ್ಲಿ ಹದಿನಾರಾಗುತ್ತದೆ. ನಾವು ತರುವ ಅಗ್ಗದ ಡಿಸ್ಕು ಆ ಓಟ ತಾಳುವುದಿಲ್ಲ; ಗುರುತು ಸರಿಯಾಗಿ ಮೂಡುವುದಿಲ್ಲ. 'ಲಗೂ ಬರದ್ರ ಕಾಗಿ ಕಾಲು ಗುಬ್ಬಿ ಕಾಲು ಆಗತೈತಿ, ಮೇಘಾ. ಮದಲಿನ ಹಾಳಿ ಎಲ್ಲಾರೂ ಓದತಾರ, ಕಡೀ ಹಾಳಿ ಯಾರಿಗೂ ಓದಾಕ ಬರಂಗಿಲ್ಲ' ಅಂದರು. ಮದುವೆಯ ಡಿಸ್ಕಿನಲ್ಲಿ ಕೊನೆಯ ಅಂಚಿಗೆ ಬರುವುದು ಯಾವಾಗಲೂ ಒಂದೇ. ಹೆಣ್ಣನ್ನು ಕಳಿಸುವುದು. ನಾಲ್ಕರ ಸ್ಪೀಡು, ಮುದುಕ, ದಾರ, ಇವೆಲ್ಲ ಆ ಹತ್ತು ನಿಮಿಷಕ್ಕಾಗಿಯೇ ಇದ್ದವು. ನಾನು ಅದಕ್ಕೆ ನಕ್ಕಿದ್ದೆ.

ಬೈಯಲಿ ಎಂದು ಕಾದೆ. ಬೈಯಲಿಲ್ಲ. 'ನೀ ಹದಿನಾರಕ್ಕ ಬರದದ್ದು ಹೋಗ್ಲಿ. ನೋಡದs ಕಳಿಸಿದೆಲ್ಲ' ಎಂದಷ್ಟೇ ಹೇಳಿ ಎದ್ದುಹೋದರು. ಬೈದಿದ್ದರೆ ಹಗುರವಾಗುತ್ತಿತ್ತು.

ಆರೂ ಪ್ರತಿ ಕೈಗೆ ಬಂದರೆ ಒಂದು ಪ್ರಯತ್ನ ಮಾಡುತ್ತಾರಂತೆ. ಒಂದೊಂದು ಒಂದೊಂದು ಕಡೆ ಕೆಟ್ಟಿರುತ್ತದೆ. ಕಂಪ್ಯೂಟರಿನಲ್ಲಿ ತೀರ ನಿಧಾನವಾಗಿ ಓದಿಸಿ, ಇದರದೊಂದು ಚೂರು ಅದರದೊಂದು ಚೂರು ತೆಗೆದು ಜೋಡಿಸಬಹುದಂತೆ. ಆದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದಿದ್ದಾರೆ.

ಕಳಿಸುತ್ತೀಯಾ?

ಮೇಘಾ


ಹಾವೇರಿ
೧೪ ಏಪ್ರಿಲ್ ೨೦೦೬

ಬಾಬಾಜಾನನ ಕೈಯಲ್ಲಿ ಐದು ಡಿಸ್ಕು ಕಳಿಸಿದ್ದೇನೆ. ಮೂರು ಹಾವೇರಿಯವು, ಎರಡು ಬ್ಯಾಡಗಿಯವು. ಅಮ್ಮಿಯ ಪ್ರತಿಯ ಮೇಲಿನ ಹಾಳೆಯೂ ಹರಿದಿಲ್ಲ. ಅಬ್ಬಾ ಅದನ್ನು ಕುರಾನಿನ ಕಪಾಟಿನಲ್ಲಿ ಎತ್ತಿಟ್ಟಿದ್ದರಂತೆ.

ಸಾನಿಯಾ


ರಾಣೆಬೆನ್ನೂರು
೨೮ ಏಪ್ರಿಲ್ ೨೦೦೬

ಸಾನಿಯಾ,

ಹನ್ನೊಂದು ದಿನ ಹಿಡಿಯಿತು. ಬೆಳಿಗ್ಗೆ ಹಚ್ಚಿಟ್ಟರೆ ಸಂಜೆಯವರೆಗೆ ಆ ಯಂತ್ರ ಒಂದೇ ಜಾಗವನ್ನು ತಡಕುತ್ತ ಕೂತಿರುತ್ತಿತ್ತು. ಚಾಚಾ ಕಿಟಕಿಗೆ ಬಂದು, ಬಗ್ಗಿ, ಹೇಳಿ, ಹಿಂದೆ ಸರಿಯುವುದು ಒಟ್ಟು ಒಂಬತ್ತು ಸೆಕೆಂಡು. ಅದರಲ್ಲಿ ಏಳು ಸೆಕೆಂಡು ನಿಮ್ಮ ಅಮ್ಮಿಯ ಪ್ರತಿಯಲ್ಲಿ ಸಿಕ್ಕಿತು, ಎರಡು ಇಸಾಕಸಾಬರ ಪ್ರತಿಯಲ್ಲಿ. ಜೋಡಿಸಿ, ನಾಲ್ಕರ ಸ್ಪೀಡಿಗೆ ಬರೆದು ಕಳಿಸಿದ್ದೇವೆ. ಮುದುಕ ಪೂರ್ತಿ ಓದಿದ್ದಾನೆ.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳಬೇಕು. ನೀನು ಡಿಸ್ಕು ಹಾಕುವ ಮೊದಲೇ ಹೇಳಬೇಕು.

ಅದರಲ್ಲಿ ಅವರ ಮಾತಿಲ್ಲ. ಹಾಡಿದೆ.

ನಾನು ಆ ಭಾಗದ ಮೂಲ ಧ್ವನಿಯನ್ನು ತೆಗೆದುಹಾಕಿದ್ದೆ. ಮೊದಲ ಪತ್ರದಲ್ಲಿ ಜಂಬದಿಂದ ಬರೆದೂ ಇದ್ದೆ. ಡಿಸ್ಕು ಎಷ್ಟು ಚೆನ್ನಾಗಿ ಓಡಿದರೂ ಮಾತು ಕೇಳುವುದಿಲ್ಲ. ಮಾತು ಇದ್ದದ್ದು ಟೇಪಿನಲ್ಲಿ ಮಾತ್ರ, ಅದರ ಮೇಲೆ ಈಗ ಮೇಡ್ಲೇರಿಯವರ ಅಕ್ಷತೆ ಬೀಳುತ್ತಿದೆ. ನಿನ್ನ ಐದನೆಯ ತಾರೀಖಿನ ಪತ್ರ ಬಂದಾಗಲೇ ನನಗೆ ಇದು ಹೊಳೆದಿತ್ತು. ಬರೆಯಲು ಧೈರ್ಯ ಬರಲಿಲ್ಲ.

ಇನ್ನೊಂದಿದೆ. ಅಳಿಸುವ ಮೊದಲು ನಾನು ಆ ಧ್ವನಿಯನ್ನು ಕೇಳಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಬ್ಯಾಂಡಿನ ನಡುವೆ ಒಬ್ಬ ಗಂಡಸು ಹತ್ತಿರದಲ್ಲೇ ಏನೋ ಗೊಣಗಿದ. ನಾನು ಹಾಡು ಆರಿಸುವ ಗಡಿಬಿಡಿಯಲ್ಲಿದ್ದೆ. ಗಲಾಟೆ ಎಂದು ಧ್ವನಿಯ ಗೆರೆಯನ್ನು ಕೆಳಗೆ ಎಳೆದೆ. ಎರಡು ವಾರದಿಂದ ಕಣ್ಣು ಮುಚ್ಚಿ ಕೂತು ನೆನಪು ಮಾಡಿಕೊಳ್ಳುತ್ತಿದ್ದೇನೆ. ಒಂದು ಅಕ್ಷರವೂ ಬರುತ್ತಿಲ್ಲ. ಇವರನ್ನು ಕೇಳಿದೆ, ಬ್ಯಾಂಡಿನವನು ಕಿವಿಯ ಹತ್ತಿರವೇ ನಿಂತಿದ್ದ, ತಮಗೂ ಕೇಳಲಿಲ್ಲ ಅನ್ನುತ್ತಾರೆ.

ಟೇಪಿನ ತುದಿಯಲ್ಲಿ, ಮೇಡ್ಲೇರಿಯವರ ಮದುವೆ ಮುಗಿದ ಮೇಲೆ, ನಿಮ್ಮದು ಹನ್ನೊಂದು ಸೆಕೆಂಡು ಉಳಿದಿದೆ. ಕಾರು ಹೋದ ಮೇಲಿನ ಖಾಲಿ ರಸ್ತೆ. ಬ್ಯಾಂಡು ನಿಂತಿದೆ. ಯಾರೋ ಒಮ್ಮೆ ಕೆಮ್ಮುತ್ತಾರೆ, ಯಾರೆಂದು ಕಾಣುವುದಿಲ್ಲ. ಅದನ್ನೂ ಡಿಸ್ಕಿನ ಕೊನೆಗೆ ಸೇರಿಸಿದ್ದೇವೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ, ಮೇಲೆ ಕಾಣುತ್ತಿರಬಹುದು.

ಮೇಘಾ


ಹಾವೇರಿ
೧೭ ಮೇ ೨೦೦೬

ಮೇಘಾ,

ನಿನ್ನ ಡಿಸ್ಕು ತೆಗೆದುಕೊಂಡು ಬ್ಯಾಡಗಿಗೆ ಹೋಗಿದ್ದೆ. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಹೋಗಬಾರದು ಎಂದು ಅಮ್ಮಿ ಇನ್ನೂ ಒಳಮನೆಯಲ್ಲೇ ಇದ್ದಾಳೆ. ಅಂಥ ಮನೆಯಲ್ಲಿ ಟಿವಿ ಹಚ್ಚಿದರೆ ನೆರೆಯವರು ಏನೆಂದಾರೋ ಎಂದು ಬಾಗಿಲು ಹಾಕಿದೆವು.

ಹಾಡು ಶುರುವಾಯಿತು. ಅಬ್ಬಾ ಬಂದರು, ಬಗ್ಗಿದರು. ನಾನು ಪರದೆಗೆ ಕಿವಿ ಕೊಟ್ಟು ಕೂತಿದ್ದೆ, ಹಾಡಿನ ಕೆಳಗೆ ಏನಾದರೂ ಉಳಿದಿರಬಹುದೆಂದು. ಅಮ್ಮಿ ಎದ್ದು ಬಂದು, 'ಆ ಹಾಡು ಬಂದ್ ಮಾಡು' ಅಂದಳು. ಧ್ವನಿ ಪೂರ್ತಿ ತೆಗೆದೆ. ಮತ್ತೊಮ್ಮೆ ಹಾಕು ಅಂದಳು. ಮೂರು ಸಲ ಹಾಕಿದೆ. ಮೂರನೆಯ ಸಲ ಅಬ್ಬಾನ ತುಟಿಯ ಜೊತೆಗೆ ಅವಳ ತುಟಿಯೂ ಅಲುಗಿತು.

ನಿನಗೆ ನೆನಪಿದೆಯಲ್ಲ, ಅಬ್ಬಾ ಹಗಲೆಲ್ಲ ಬಾಯಲ್ಲಿ ಸುತಳಿ ಕಚ್ಚಿಕೊಂಡೇ ಮಾತಾಡುತ್ತಿದ್ದುದು. ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷ ಎದುರಿಗೆ ಕೂತು ಚೀಲ ಹಿಡಿದವಳಿಗೆ ಅವರ ಮಾತು ಕಿವಿಗಿಂತ ಕಣ್ಣಿಗೇ ಹೆಚ್ಚು ಗೊತ್ತು. ಮನೆಯಲ್ಲಿ ನಾವು ಉರ್ದು ಆಡುವವರು. ಆದರೆ ಚೀಲ, ಸುತಳಿ, ಮೆಣಸಿನಕಾಯಿಯ ಮಾತು ಬಂದರೆ ಅಬ್ಬಾ ಅಂಗಡಿಯ ಕನ್ನಡವನ್ನೇ ಆಡುತ್ತಿದ್ದರು. ಅಮ್ಮಿ ಅದನ್ನು ಹಾಗೆಯೇ ಹೇಳಿದಳು:

'ಸೀಟಿನ ಕೆಳಗ ಚೀಲ ಐತಿ. ತೊಟ್ಟು ನಾನs ಬಿಡಿಸೇನಿ. ಗಿರಣಿಗೆ ಹಾಕಬ್ಯಾಡ, ಕುಟ್ಟಿಸು.'

ಅಷ್ಟೇ. ಆಮೇಲೆ ಅವರ ಕೈ ಸೀಟಿನ ಕೆಳಗೆ ತೋರಿಸುವುದು ನನಗೂ ಕಂಡಿತು.

ನನಗೆ ನಂಬಿಕೆ ಬರಲಿಲ್ಲ. ನನ್ನ ಸಮಾಧಾನಕ್ಕೆ ಕಟ್ಟಿ ಹೇಳುತ್ತಿದ್ದಾಳೆ ಎಂದುಕೊಂಡೆ. ಯಾವ ಚೀಲ ಎಂದೆ. ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಹೇಳಿದಳು. ಹಾವೇರಿಯಿಂದ ನನ್ನ ಫೋನು ಬಂದಾಗಲೆಲ್ಲ ಅಬ್ಬಾ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರಂತೆ. ಅವಳು ಫೋನು ಇಟ್ಟೊಡನೆ, 'ಖಾರದ್ದು ಏನರ ಅಂದಳೇನು?' ಎಂದು ಕೇಳುತ್ತಿದ್ದರಂತೆ. ಬೀಗರ ಮನೆಯ ಅಡುಗೆ ಮಗಳ ಬಾಯಿಗೆ ಹಿಡಿಸಿತೋ ಇಲ್ಲವೋ ಎಂದು ಕೇಳುತ್ತಿದ್ದಾರೆ ಎಂದುಕೊಂಡು ಇವಳು, 'ಏನೂ ಅಂದಿಲ್ಲ' ಅನ್ನುತ್ತಿದ್ದಳು. ಐದು ವಾರ, ಪ್ರತಿ ಫೋನಿಗೂ. ಕೊನೆಕೊನೆಗೆ ಕೇಳುವುದನ್ನು ಬಿಟ್ಟರಂತೆ.

ಹಾವೇರಿಗೆ ಬಂದು ನಮ್ಮತ್ತೆಯನ್ನು ಕೇಳಿದೆ. 'ಲಗ್ನದ ಮರುದಿನ ಡ್ರೈವರ್ ಇಳಿಸಿಹೋದ. ಬೀಗರು ಕಳಿಸ್ಯಾರ ಅಂತ ಡ್ರಮ್ಮಿಗೆ ಸುರುವಿದೆ. ನಿನಗ ಗೊತ್ತs ಇರಬೇಕು ಅನ್ಕೊಂಡೆ' ಅಂದರು. ಅವರದೇನೂ ತಪ್ಪಿಲ್ಲ. ಜನವರಿಯಿಂದ ನಾನು ದಿನಾ ಆ ಡ್ರಮ್ಮಿಗೆ ಕೈ ಹಾಕಿ ಮೆಣಸಿನಕಾಯಿ ತೆಗೆದಿದ್ದೇನೆ. ಒಂದಕ್ಕೂ ತೊಟ್ಟಿಲ್ಲ, ಅಚ್ಚುಕಟ್ಟು ಹೆಂಗಸರು ಕೂತು ಬಿಡಿಸಿದ್ದಾರೆ ಎಂದುಕೊಂಡಿದ್ದೆ. ಗಿರಣಿಗೇ ಹಾಕಿಸಿದೆ. ನಮ್ಮ ಮನೆಯಷ್ಟೇ ಖಾರ ಎಂದು ನಿನಗೆ ಬರೆದೂ ಇದ್ದೆ.

ಚೀಲ ಬಚ್ಚಲಮನೆಯ ಬಾಗಿಲಲ್ಲಿತ್ತು. ಕಾಲೊರೆಸಲು ಹಾಕಿದ್ದಾರೆ. ನಾಲ್ಕು ತಿಂಗಳಿಂದ ನಾನೂ ಅದರ ಮೇಲೆ ಕಾಲೊರೆಸಿದ್ದೇನೆ. ಒಗೆದು ಒಣಹಾಕಿದಾಗ ಅಂಚಿನಲ್ಲಿ ಅಬ್ಬಾನ ಹೊಲಿಗೆ ಕಂಡಿತು, ಜೋಡು ಸುತಳಿ, ನಾಲ್ಕು ಹೊಲಿಗೆಗೊಂದು ಗಂಟು. ಒಂದು ಕಡೆ ಹರಿದರೂ ಪೂರ್ತಿ ಬಿಚ್ಚಬಾರದು ಎಂದು ಹಾಗೆ ಹಾಕುತ್ತಿದ್ದರು.

ಅಮ್ಮಿ ಹೇಳಿದ್ದು ಖರೆ.

ನಿನ್ನ ತಪ್ಪೆಷ್ಟು, ನನ್ನ ತಪ್ಪೆಷ್ಟು ಎಂದು ತೂಗಲು ಹೋದೆ. ನೀನು ನಿಧಾನವಾಗಿ ಬರೆದಿದ್ದರೂ ನಾನು ನೋಡುತ್ತಿರಲಿಲ್ಲ. ನಾನು ನೋಡಿದ್ದರೆ, ನಿಂತಿದೆ ಎಂದು ನಿನಗೆ ಬರೆಯುತ್ತಿದ್ದೆ, ದಾರ ಹಾಗೇ ಇರುತ್ತಿತ್ತು, ಅಬ್ಬಾ ಇರುವಾಗಲೇ ಫೋನಿನಲ್ಲಿ ಒಂದು ಮಾತು ಹೇಳುತ್ತಿದ್ದೆ. ತೂಗುವುದನ್ನು ಬಿಟ್ಟೆ. ಆದರೆ ಮೊದಲಿನ ಹಾಗೆ ನಿನಗೆ ಬರೆಯಲು ನನಗೆ ಆಗುತ್ತದೋ ಇಲ್ಲವೋ, ಗೊತ್ತಿಲ್ಲ.

ಒಂದು ಕೆಲಸ ಮಾಡಿಕೊಡು. ಆ ಹಾಡು ತೆಗೆ. ಒಂಬತ್ತು ಸೆಕೆಂಡು ಮೂಕವಾಗಿಯೇ ಇರಲಿ. ಅದರ ಹಿಂದೆಯೇ ಖಾಲಿ ರಸ್ತೆ ಬರಲಿ. ಆ ಕೆಮ್ಮು ಅಬ್ಬಾನದು. ಅಮ್ಮಿ ಕೇಳಿದೊಡನೆ ಹೇಳಿದಳು.

ಸಾನಿಯಾ


ರಾಣೆಬೆನ್ನೂರು
೨೬ ಮೇ ೨೦೦೬

ಸಾನಿಯಾ,

ನೀನು ಹೇಳಿದ ಹಾಗೆಯೇ ಮಾಡಿದ್ದೇನೆ. ಕೇಳಿದಷ್ಟೇ ಇದೆ, ಒಟ್ಟು ಇಪ್ಪತ್ತು ಸೆಕೆಂಡು. ಇಷ್ಟು ಚಿಕ್ಕದಕ್ಕೆ ಅಂಚಿನ ಭಯವೇ ಇಲ್ಲ, ಎಲ್ಲ ಒಳಸುತ್ತಿನಲ್ಲೇ ಮುಗಿಯುತ್ತದೆ ಎಂದು ಇವರು ಹೇಳಿದರು. ಆದರೂ ಕಂಪ್ಯೂಟರಿನಲ್ಲಿ ಇದ್ದ ಎಲ್ಲಕ್ಕಿಂತ ಕಡಿಮೆ ಸ್ಪೀಡಿಗೆ ಇಟ್ಟು, ಬರೆಯುವುದು ಮುಗಿಯುವವರೆಗೆ ಎದ್ದು ಹೋಗಲಿಲ್ಲ. ಮುದುಕನಿಗೆ ಐದು ಸಲ ತೋರಿಸಿದೆ. ಎದುರಿನ ಅಂಗಡಿಯ ಮಹಮ್ಮದ್ ಹನೀಫ್ ಅವರ ಪ್ಲೇಯರಿನಲ್ಲೂ, ನಮ್ಮತ್ತೆಯ ತವರಿನ ಪ್ಲೇಯರಿನಲ್ಲೂ ಹಾಕಿ ನೋಡಿದೆ. ಎಲ್ಲಿಯೂ ನಿಲ್ಲಲಿಲ್ಲ.

ಈಗ ಬೀಳ್ಕೊಡುವ ಭಾಗಕ್ಕೆ ಹಾಡು ಹಾಕುವುದನ್ನು ಬಿಟ್ಟಿದ್ದೇನೆ. ಗಿರಾಕಿಗಳು ಬೇಸರ ಮಾಡಿಕೊಳ್ಳುತ್ತಾರೆ. ಮೊನ್ನೆ ಕಾಗಿನೆಲೆಯವರೊಬ್ಬರು, 'ಬರೇ ಅಳೂದು, ಬೈಯೂದು, ಕಾರಿನ ಹಾರ್ನು ಕೇಳತೈತಲ್ರಿ, ಹಾಡು ಎಲ್ಲಿ?' ಎಂದು ತಿರುಗಿ ತಂದಿದ್ದರು. ಇನ್ನೊಂದು ವರ್ಷ ಬಿಟ್ಟು ಬಂದು ಕೇಳಿರಿ, ಆಗಲೂ ಬೇಕೆಂದರೆ ಹಾಕಿಕೊಡುತ್ತೇನೆ ಎಂದೆ. ಹುಚ್ಚಿ ಎಂಬಂತೆ ನೋಡಿ ಹೋದರು. ಇತ್ತೀಚೆಗೆ ಇವರೂ ನಾನೂ ಹೆಚ್ಚು ಮಾತಾಡುವುದಿಲ್ಲ. ಡಿಸ್ಕು ಬರೆಯುವಾಗ ಇಬ್ಬರೂ ಗಲ್ಲಕ್ಕೆ ಕೈ ಹಚ್ಚಿ ಕೂಡುತ್ತೇವೆ.

ಮೊದಲಿನ ಹಾಗೆ ಬರೆ ಎಂದು ನಾನು ಕೇಳುವುದಿಲ್ಲ. ಒಂದು ಸಾಲು ಸಾಕು. ಈ ಇಪ್ಪತ್ತು ಸೆಕೆಂಡನ್ನು ಒಂದು ಹೊಸ ಟೇಪಿಗೂ ಹಾಕಿ, ಚೀಟಿಯ ಮೇಲೆ ಚಾಚಾನ ಹೆಸರನ್ನೇ, ಶಮಶೇರಸಾಬ, ಬ್ಯಾಡಗಿ ಎಂದು ಬರೆದು, ದಾರ ಕಟ್ಟಿ ಇಟ್ಟಿದ್ದೇನೆ. ನೀನು ಕೊನೆಯ ತನಕ ನೋಡಿ, ನೋಡಿದೆ ಎಂದು ಬರೆ. ಬರೆದ ಮೇಲೂ ಈ ದಾರವನ್ನು ನಾನು ಕತ್ತರಿಸುವುದಿಲ್ಲ.

ಮೇಘಾ